ಗಾಜಿನ ಮುಖವಾಡದ ಒಳಗಿನಿಂದ: ನಟನೆಯ ಮಾಂಗಾಗಳು ಓದುಗರನ್ನು ಹಿಡಿದಿಡುವ ಬಗೆ

ರಂಗದ ಮೇಲೆ ಹದಿಹರೆಯದ ಹುಡುಗಿಯೊಬ್ಬಳು ಟೋಕಿ ಎಂಬ ಬಡ ಹಳ್ಳಿ ಹುಡುಗಿಯ ಪಾತ್ರ ಮಾಡುತ್ತಿದ್ದಾಳೆ. ಕೈಗೆ ಸಿಕ್ಕ ಹೂರಣದ ಕಡುಬನ್ನು ಟೋಕಿ ಆಸೆಯಿಂದ ತಿನ್ನಬೇಕಾದ ದೃಶ್ಯ. ಅವಳ ಮೇಲಿನ ಹೊಟ್ಟೆಕಿಚ್ಚಿಗೆ ಯಾರೋ ಕಡುಬಿನ ಜಾಗದಲ್ಲಿ ಮಣ್ಣಿನ ಉಂಡೆ ಇಟ್ಟುಬಿಟ್ಟಿದ್ದಾರೆ. ಕೈಯಲ್ಲಿ ಹಿಡಿದ ಮೇಲೆ ಅವಳಿಗೆ ಗೊತ್ತಾಗುತ್ತದೆ. ಎದುರಿಗೆ ಸಾಲು ಸಾಲು ಪ್ರೇಕ್ಷಕರು ಕೂತಿದ್ದಾರೆ. ಹುಡುಗಿ ಆ ಮಣ್ಣನ್ನು ಬಾಯಿಗಿಟ್ಟು, ಅಗಿದು, ನುಂಗಿ, ಆಹಾ ಎಂಥ ರುಚಿ ಎಂದು ಮುಖ ಅರಳಿಸುತ್ತಾಳೆ. ಈಗ ನಾನು ಟೋಕಿ, ಟೋಕಿಯಾದರೆ ಇದನ್ನು ತಿಂದೇ ತಿನ್ನುತ್ತಾಳೆ ಎಂಬುದೊಂದೇ ಅವಳ ತಲೆಯಲ್ಲಿರುವುದು.

ಸಭಾಂಗಣದಲ್ಲಿ ಕೂತವರಿಗೆ ಕಾಣುವುದು ಕಡುಬು ತಿನ್ನುವ ಹುಡುಗಿ. ಅದು ಮಣ್ಣು ಎಂಬುದು ಪುಟ ತಿರುಗಿಸುತ್ತಿರುವ ನಮಗೆ ಗೊತ್ತು. ಸುಜುಎ ಮಿಉಚಿ ಅವರ 'ಗರಾಸು ನೊ ಕಾಮೆನ್', ಅಂದರೆ 'ಗಾಜಿನ ಮುಖವಾಡ' ಸರಣಿಯ ಈ ದೃಶ್ಯವನ್ನು ಜಪಾನಿನ ಓದುಗರು ಇಂದಿಗೂ ಎತ್ತಿ ಮಾತಾಡುತ್ತಾರೆ. ನಟನೆಯ ಮಾಂಗಾ, ಅಂದರೆ ನಟನೆಯನ್ನೇ ವಸ್ತುವಾಗಿಸಿಕೊಂಡ ಜಪಾನಿನ ಚಿತ್ರಕಥೆ, ಯಾಕೆ ಹಿಡಿಸುತ್ತದೆ ಎಂಬ ಪ್ರಶ್ನೆಗೆ ಬೇಕಾದ ಉತ್ತರದ ಬಹುಪಾಲು ಈ ಒಂದೇ ದೃಶ್ಯದಲ್ಲಿದೆ ಎಂದು ನನಗನ್ನಿಸುತ್ತದೆ.

ಯೋಚಿಸಿದರೆ ಇದು ವಿಚಿತ್ರವಾದ ಪ್ರಕಾರ. ನಟನೆ ಎಂದರೆ ದನಿ, ಚಲನೆ, ಉಸಿರು, ಸಮಯ. ಕಾಗದದ ಮೇಲೆ ಇವುಗಳಲ್ಲಿ ಒಂದೂ ಇಲ್ಲ. ಕುಸ್ತಿಯನ್ನೋ ಬೇಸ್‌ಬಾಲನ್ನೋ ಚಿತ್ರಿಸಿದರೆ ಗೆದ್ದವರು ಯಾರೆಂದು ಅಂಕ ನೋಡಿ ತಿಳಿಯಬಹುದು. ಇಬ್ಬರು ನಟಿಯರಲ್ಲಿ ಯಾರು ಚೆನ್ನಾಗಿ ಮಾಡಿದರು ಎಂದು ಕಪ್ಪುಬಿಳುಪು ಗೆರೆಗಳಲ್ಲಿ ತೋರಿಸುವುದು ಹೇಗೆ? ಆದರೂ ಜಪಾನಿನಲ್ಲಿ ಈ ಸಾಲು ಕಡಿದಿಲ್ಲ. 1976ರಲ್ಲಿ 'ಗಾಜಿನ ಮುಖವಾಡ' ಶುರುವಾಯಿತು. 2002ರಲ್ಲಿ ಯೊಶಿಕಿ ನಕಾಮುರಾ ಅವರ 'ಸ್ಕಿಪ್ ಬೀಟ್', 2012ರಲ್ಲಿ ಕುಮಿಕೊ ಸೈಕಿ ಅವರ 'ಕಾಗೆಕಿ ಶೋಜೊ', 2018ರಲ್ಲಿ 'ಆ್ಯಕ್ಟ್-ಏಜ್', 2020ರಲ್ಲಿ 'ಒಶಿ ನೊ ಕೊ' ಬಂದವು. ಕೊನೆಯದರ ಅನಿಮೆ, ಅಂದರೆ ಆ್ಯನಿಮೇಷನ್ ರೂಪ, 2023ರ ಏಪ್ರಿಲ್‌ನಲ್ಲಿ ಶುರುವಾದ ಮೇಲಂತೂ ಜಪಾನಿನ ಮನರಂಜನಾ ಉದ್ಯಮದ ಒಳಗುಟ್ಟು ಜಗತ್ತಿನ ಹದಿಹರೆಯದವರ ಹರಟೆಯ ವಿಷಯವಾಯಿತು. ಬೆಂಗಳೂರಿನ ಕಾಲೇಜು ಹುಡುಗ ಹುಡುಗಿಯರೂ ಅದನ್ನು ಮೊಬೈಲಿನಲ್ಲಿ ಇಂಗ್ಲಿಷಿನಲ್ಲಿ ಓದಿದವರೇ.

ಮೂಲ ಸರಣಿಯಿಂದ ಶುರುಮಾಡುತ್ತೇನೆ, ಏಕೆಂದರೆ ಮುಂದಿನವರೆಲ್ಲ ಒಂದಲ್ಲ ಒಂದು ರೀತಿಯಲ್ಲಿ ಅದಕ್ಕೆ ಉತ್ತರ ಕೊಡುತ್ತಲೇ ಬಂದಿದ್ದಾರೆ. ಮಿಉಚಿ 1951ರಲ್ಲಿ ಒಸಾಕಾದಲ್ಲಿ ಹುಟ್ಟಿದವರು. 1967ರಲ್ಲಿ, ಇನ್ನೂ ಶಾಲೆಯಲ್ಲಿದ್ದಾಗಲೇ, ಅವರ ಮೊದಲ ಮಾಂಗಾ ಪ್ರಕಟವಾಯಿತು. 'ಹಾನಾ ತೊ ಯುಮೆ' ಎಂಬ ಹುಡುಗಿಯರ ಪತ್ರಿಕೆಯಲ್ಲಿ 'ಗಾಜಿನ ಮುಖವಾಡ' ಆರಂಭಿಸುವಾಗ ಅವರಿಗೆ ಇಪ್ಪತ್ತೈದೂ ತುಂಬಿರಲಿಲ್ಲ. ನಾಯಕಿ ಮಾಯಾ ಕಿತಾಜಿಮಾ ಹದಿಮೂರರ ಹುಡುಗಿ. ತಾಯಿ ಯೊಕೊಹಾಮಾದ ಒಂದು ಚೀನೀ ಹೋಟೆಲಿನಲ್ಲಿ ಅಲ್ಲೇ ಉಳಿದು ದುಡಿಯುತ್ತಾಳೆ, ಮಗಳು ಗಿರಾಕಿಗಳ ಮನೆಗೆ ಊಟ ತಲುಪಿಸುತ್ತಾಳೆ. ರೂಪವಿಲ್ಲ, ಓದು ತಲೆಗೆ ಹತ್ತುವುದಿಲ್ಲ, ಯಾವ ಕೆಲಸದಲ್ಲೂ ಚುರುಕಿಲ್ಲ ಎಂದು ಹೆತ್ತ ತಾಯಿಯೇ ಹೇಳುತ್ತಾಳೆ. ಒಂದು ನಾಟಕದ ಟಿಕೆಟಿಗಾಗಿ ಈ ಹುಡುಗಿ ವರ್ಷದ ಕೊನೆಯ ದಿನ ನೂರಕ್ಕೂ ಹೆಚ್ಚು ಮನೆಗಳಿಗೆ ಒಬ್ಬಳೇ ಸೋಬಾ ಎಂಬ ನೂಡಲ್ಸ್ ಹೊತ್ತು ಹಂಚುತ್ತಾಳೆ. ಆ ಟಿಕೆಟು ಸಮುದ್ರಕ್ಕೆ ಹಾರಿದಾಗ ಚಳಿಗಾಲದ ನೀರಿಗೆ ಧುಮುಕುತ್ತಾಳೆ. ನಾಟಕವನ್ನು ಒಮ್ಮೆ ನೋಡಿದರೆ ಸಾಕು, ಎಲ್ಲ ಪಾತ್ರಗಳ ಮಾತೂ ಅವಳಿಗೆ ಬಾಯಿಪಾಠ.

ಅವಳನ್ನು ಗುರುತಿಸುವವಳು ಚಿಗುಸಾ ತ್ಸುಕಿಕಾಗೆ. ಒಂದು ಕಾಲದ ಮಹಾನಟಿ. ರಂಗದ ಮೇಲಿನ ದೀಪ ಕಳಚಿ ಬಿದ್ದು ಅರ್ಧ ಮುಖ ಸುಟ್ಟುಹೋಗಿ ನಟನೆ ಬಿಟ್ಟವಳು. 'ಕೆಂಪು ದೇವಕನ್ಯೆ' ಎಂಬ ನಾಟಕದ ಪ್ರದರ್ಶನದ ಹಕ್ಕು ಅವಳ ಬಳಿಯಿದೆ. ಆ ಪಾತ್ರಕ್ಕೆ ತಕ್ಕವಳು ಸಿಗುವವರೆಗೆ ಯಾರಿಗೂ ಕೊಡುವುದಿಲ್ಲ ಎಂಬುದು ಅವಳ ಹಟ. ಪಾತ್ರಕ್ಕೆ ಪೈಪೋಟಿ ಇಬ್ಬರದು: ಮಾಯಾ ಮತ್ತು ಅಯುಮಿ ಹಿಮೆಕಾವಾ. ಅಯುಮಿಯ ತಂದೆ ಚಿತ್ರ ನಿರ್ದೇಶಕ, ತಾಯಿ ಹೆಸರಾಂತ ನಟಿ. ಚೆಲುವು, ಶಿಕ್ಷಣ, ಹಣ ಎಲ್ಲವೂ ಇರುವವಳು. ಕಥೆಯ ಬೆನ್ನೆಲುಬು ಇಷ್ಟೇ. ಇದರ ಮೇಲೆ 49 ಸಂಪುಟಗಳು ಬಂದಿವೆ, ಐದು ಕೋಟಿಗೂ ಹೆಚ್ಚು ಪ್ರತಿಗಳು ಹಂಚಿಹೋಗಿವೆ.

ಕಾಗದದ ಮೇಲೆ ನಟನೆ ತೋರಿಸುವ ತೊಡಕನ್ನು ಮಿಉಚಿ ಬಿಡಿಸಿದ ರೀತಿಯಲ್ಲಿ ಅವರ ಪ್ರತಿಭೆ ಇದೆ. ಅವರು ಪ್ರದರ್ಶನಕ್ಕಿಂತ ಮೊದಲು ಸಮಸ್ಯೆಯನ್ನು ಕೊಡುತ್ತಾರೆ. 'ಕಲ್ಲಿನ ನಗು' ಎಂಬ ನಾಟಕದಲ್ಲಿ ಮಾಯಾಳದು ಗೊಂಬೆಯ ಪಾತ್ರ. ಕಣ್ಣು ಮಿಟುಕಿಸುವಂತಿಲ್ಲ, ಮನುಷ್ಯರಂತೆ ಕೀಲು ಬಾಗುವಂತಿಲ್ಲ. ಗೊಂಬೆಯ ಮೈ ಹೇಗೆ ಅಲುಗುತ್ತದೆ ಎಂದು ಕಲಿಯಲು ತ್ಸುಕಿಕಾಗೆ ಅವಳ ಮೈಗೆ ಬಿದಿರಿನ ದಬ್ಬೆ ಕಟ್ಟಿಸುತ್ತಾಳೆ. ದಬ್ಬೆ ಕಟ್ಟಿಕೊಂಡೇ ಊಟ, ನಡಿಗೆ, ಮನೆಗೆಲಸ. ಹತ್ತಾರು ಪುಟ ಇದನ್ನು ಓದಿದ ಮೇಲೆ ನಮ್ಮ ಮೈಗೇ ಆ ಬಿಗಿ ಬಂದಿರುತ್ತದೆ. ಕೊನೆಗೆ ರಂಗದ ಮೇಲೆ ಅವಳು ಸುಮ್ಮನೆ ಕೂತಿರುವ ಒಂದೇ ಒಂದು ಚೌಕಟ್ಟು ಬಂದಾಗ, ಆ ನಿಶ್ಚಲತೆಯ ಹಿಂದಿನ ಶ್ರಮವನ್ನೆಲ್ಲ ಓದುಗರೇ ತುಂಬಿಕೊಳ್ಳುತ್ತಾರೆ. ನಿಂತ ಚಿತ್ರವೊಂದು ಇಲ್ಲಿ ಪೂರ್ತಿ ಅಭಿನಯವಾಗುತ್ತದೆ. ಅದೇ ಪ್ರದರ್ಶನದಲ್ಲಿ ಗೊಂಬೆಯ ಕಣ್ಣಿಂದ ನೀರು ಜಾರಿದಾಗ ಪ್ರೇಕ್ಷಕರಿಗೆ ಅದು ಬೆರಗು. ಮಾಯಾ ಯಾಕೆ ಅತ್ತಳು ಎಂದು ಗೊತ್ತಿರುವ ನಮಗೆ ಸಂಕಟ.

ರಂಗಭೂಮಿ ಕೊಡಲಾಗದ್ದನ್ನು ಈ ಮಾಧ್ಯಮ ಇಲ್ಲಿ ಕೊಡುತ್ತದೆ. ಒಳ್ಳೆಯ ನಾಟಕ ನೋಡುವಾಗ ನಟಿಯ ತಯಾರಿ ಕಾಣಬಾರದು, ಕಂಡರೆ ಪಾತ್ರ ಕೆಡುತ್ತದೆ. ಮಾಂಗಾದಲ್ಲಿ ಪಾತ್ರವೂ ಅದರ ಹಿಂದಿನ ನಟಿಯೂ ಒಂದೇ ಪುಟದಲ್ಲಿ ಅಕ್ಕಪಕ್ಕ ಇರುತ್ತಾರೆ. ಮಾತಿನ ಗುಳ್ಳೆಯಲ್ಲಿ ಪಾತ್ರದ ಸಂಭಾಷಣೆ, ಪಕ್ಕದ ಬಿಳಿಯಲ್ಲಿ ನಟಿಯ ಯೋಚನೆ, ಕೆಳಗಿನ ಚೌಕಟ್ಟಿನಲ್ಲಿ ನೇಪಥ್ಯದಲ್ಲಿ ನಿಂತ ಸಹನಟಿಯ ಬೆವರು. ಪರಕಾಯಪ್ರವೇಶ ಎನ್ನುತ್ತೇವಲ್ಲ, ಅದು ನಡೆಯುವ ಕ್ಷಣವನ್ನು ಒಳಗಿನಿಂದ ನೋಡುವ ಅವಕಾಶ ಇದು. ಮಿಉಚಿಯವರ ಪಾತ್ರಗಳಿಗೆ ಆಘಾತವಾದಾಗ ಕಣ್ಣಪಾಪೆ ಮಾಯವಾಗಿ ಕಣ್ಣು ಪೂರ್ತಿ ಬೆಳ್ಳಗಾಗುತ್ತದೆ. ಇಂದು ಅದನ್ನು ತಮಾಷೆಗೆ ನಕಲು ಮಾಡುವವರು ಬಹಳ. ಸರಣಿಯನ್ನು ಓದುತ್ತ ಹೋದವರಿಗೆ ಅದರ ಕೆಲಸ ತಿಳಿಯುತ್ತದೆ: ಬೇರೆಯವಳ ಅಭಿನಯ ನೋಡಿ ತನ್ನೊಳಗೆ ಏನೋ ಮುರಿದುಬಿದ್ದಿತು ಎಂದು ಹೇಳಲು ಬೇರೆ ಗೆರೆಯೇ ಇಲ್ಲ.

ಹೆಲೆನ್ ಕೆಲ್ಲರ್ ಪಾತ್ರದ ಭಾಗ ಇದರ ಶಿಖರ. ಒಂದೇ ನಾಟಕ, ಒಂದೇ ಪಾತ್ರ, ಅದನ್ನು ಮಾಯಾ ಮತ್ತು ಅಯುಮಿ ಸರದಿಯಲ್ಲಿ ಮಾಡುತ್ತಾರೆ. ಅಯುಮಿಯ ತಾಯಿಯೇ ಶಿಕ್ಷಕಿಯ ಪಾತ್ರದಲ್ಲಿದ್ದಾಳೆ. ಮಾಯಾ ಕಣ್ಣಿಗೆ ಬಟ್ಟೆ ಕಟ್ಟಿ, ಕಿವಿ ಮುಚ್ಚಿಕೊಂಡು ದಿನಗಟ್ಟಲೆ ಬದುಕಿ ನೋಡುತ್ತಾಳೆ. ನೀರು ಎಂದರೇನು ಎಂದು ಹೆಲೆನ್‌ಗೆ ಹೊಳೆಯುವ ಆ ಗಳಿಗೆಯನ್ನು ಇಬ್ಬರೂ ತಮ್ಮ ತಮ್ಮ ಅನುಭವದಿಂದ ಹೆಕ್ಕಿ ತರಬೇಕು. ಮಾಯಾಳಿಗೆ ಅದು ಕೈಯಲ್ಲಿ ನೀರು ತುಂಬಿದ ಬಲೂನು ಒಡೆದಾಗ ಸಿಗುತ್ತದೆ. ಅಯುಮಿ ಬೇರೆ ದಾರಿಯಲ್ಲಿ ಅಲ್ಲಿಗೆ ಮುಟ್ಟುತ್ತಾಳೆ. ಎರಡೂ ಸರಿ, ಎರಡೂ ಬೇರೆ. ಪಾತ್ರಕ್ಕೆ ಒಂದೇ ಸರಿಯುತ್ತರವಿಲ್ಲ ಎಂಬ ನಟನೆಯ ಮೊದಲ ಪಾಠವನ್ನು ನಾಟಕದ ಕುರಿತ ಎಷ್ಟೋ ಭಾಷಣಗಳಿಗಿಂತ ಚೆನ್ನಾಗಿ ಈ ಪುಟಗಳು ಕಲಿಸುತ್ತವೆ.

ನನಗೆ ಎಲ್ಲಕ್ಕಿಂತ ಹಿಡಿಸುವುದು ಇನ್ನೊಂದು ಭಾಗ. ಮಾಯಾ ಟಿವಿ ಲೋಕದಲ್ಲಿ ಮೇಲೇರಿ, ಸಂಚಿಗೆ ಸಿಕ್ಕಿ ಕೆಳಗೆ ಬಿದ್ದು, ಎಲ್ಲ ಕಳೆದುಕೊಂಡು ಶಾಲೆಗೆ ವಾಪಸಾಗಿದ್ದಾಳೆ. ಶಾಲೆಯ ಉತ್ಸವದಲ್ಲಿ ಅವಳಿಗೆ ಸಿಕ್ಕ ರಂಗಮಂದಿರ ವ್ಯಾಯಾಮ ಸಾಮಗ್ರಿಗಳ ಉಗ್ರಾಣ. ರಂಗಸಜ್ಜಿಕೆಗೆ ಜಿಗಿಯುವ ಪೆಟ್ಟಿಗೆ, ಚಾಪೆ, ಇನ್ನಿತರ ಹಳೇ ಸಾಮಾನು. ಅಲ್ಲಿ ಅವಳು ಕಡಲುಗಳ್ಳಿ ಬಿಯಾಂಕಾಳ ಕಥೆಯನ್ನು ಒಬ್ಬಳೇ ಆಡುತ್ತಾಳೆ. ಪೆಟ್ಟಿಗೆ ಹಡಗಾಗುತ್ತದೆ, ದೋಣಿಯಾಗುತ್ತದೆ. ಮಾಂಗಾದ ಚೌಕಟ್ಟುಗಳು ಆ ಉಗ್ರಾಣವನ್ನೂ ಕಡಲನ್ನೂ ಒಂದರ ಹಿಂದೊಂದು ತೋರಿಸುತ್ತವೆ. ಮುಂದಿನ ಸಾಲಿನಲ್ಲಿ ಕೂತ ಸಹಪಾಠಿಗಳಿಗೆ ಕಡಲು ಕಂಡ ಗಳಿಗೆ ಯಾವುದು ಎಂದು ಬೆರಳಿಟ್ಟು ತೋರಿಸಬಹುದು. ದುಡ್ಡಿಲ್ಲದ ಹವ್ಯಾಸಿ ತಂಡದಲ್ಲಿ ಒಮ್ಮೆಯಾದರೂ ಬಣ್ಣ ಹಚ್ಚಿದವರಿಗೆ ಈ ಭಾಗ ಎದೆಗೆ ನಾಟುತ್ತದೆ. ಪ್ರಚಾರ, ಕಂಪನಿ, ಪ್ರಶಸ್ತಿ ಎಲ್ಲವನ್ನೂ ಕಳೆದ ಮೇಲೆ ಉಳಿಯುವ ನಟನೆ ಇದು.

ಅಯುಮಿಯನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. ಶ್ರೀಮಂತ ಪ್ರತಿಸ್ಪರ್ಧಿ ಎಂದರೆ ಖಳನಾಯಕಿ ಎಂದು ಆ ಕಾಲದ ಮಾಂಗಾದ ರೂಢಿ. ಮಿಉಚಿ ಅದನ್ನು ಒಪ್ಪಲಿಲ್ಲ. ಅಪ್ಪ ಅಮ್ಮನ ಹೆಸರಿನ ನೆರಳು ಬೇಡವೆಂದು ಅಯುಮಿ ಪ್ರತಿ ಹೆಜ್ಜೆಯನ್ನೂ ದುಡಿದೇ ಇಡುತ್ತಾಳೆ. ಅವಳದು ಅಭ್ಯಾಸದಿಂದ ಬಂದ ಕಲೆ. ಮಾಯಾಳದು ಮೈಮೇಲೆ ಬರುವಂಥದ್ದು. ಮಾಯಾಳ ನಿಜವಾದ ಶಕ್ತಿಯನ್ನು ಕಥೆಯಲ್ಲಿ ಗುರುವಿನ ಬಳಿಕ ಎಲ್ಲರಿಗಿಂತ ಮೊದಲು ಅರಿತವಳೂ, ಅದಕ್ಕೆ ಎಲ್ಲರಿಗಿಂತ ಹೆಚ್ಚು ಹೆದರಿದವಳೂ ಅಯುಮಿ. ವರಪ್ರಸಾದ ಇಲ್ಲದವಳು ಬರೀ ದುಡಿಮೆಯಿಂದ ಎಲ್ಲಿಯವರೆಗೆ ಹೋಗಬಹುದು ಎಂಬುದು ಹೆಚ್ಚಿನ ಓದುಗರ ಸ್ವಂತ ಪ್ರಶ್ನೆ. ಮಾಯಾಳನ್ನು ಮೆಚ್ಚುತ್ತ, ಒಳಗೊಳಗೆ ಅಯುಮಿ ಗೆಲ್ಲಲಿ ಎಂದು ಹಾರೈಸುವವರು ಕಡಿಮೆಯಿಲ್ಲ. ನಾನೂ ಅವರಲ್ಲೊಬ್ಬ.

ಗೆದ್ದವರು ಯಾರು ಎಂಬುದು ಮಾತ್ರ ಇನ್ನೂ ಗೊತ್ತಾಗಿಲ್ಲ. 41ನೇ ಸಂಪುಟ 1998ರಲ್ಲಿ, 42ನೆಯದು 2004ರಲ್ಲಿ ಬಂತು. ಪತ್ರಿಕೆಯಲ್ಲಿ ಪ್ರಕಟವಾಗಿದ್ದ ನೂರಾರು ಪುಟಗಳನ್ನು ಮಿಉಚಿ ಬದಿಗಿಟ್ಟು ಪುಸ್ತಕಕ್ಕೆಂದು ಹೊಸದಾಗಿ ಬರೆದರು. ಡಯಲ್ ತಿರುಗಿಸುವ ಫೋನಿನ ಕಾಲದಲ್ಲಿ ಶುರುವಾದ ಕಥೆಯಲ್ಲಿ, ಪಾತ್ರಗಳ ವಯಸ್ಸು ಕೆಲವೇ ವರ್ಷ ಏರಿದ್ದರೂ, ಕೈಗೆ ಮೊಬೈಲ್ ಬಂತು. 49ನೇ ಸಂಪುಟ 2012ರ ಅಕ್ಟೋಬರ್‌ನಲ್ಲಿ ಬಂದು ಅಲ್ಲಿಗೆ ನಿಂತಿದೆ. 'ಕೆಂಪು ದೇವಕನ್ಯೆ'ಯ ಪರೀಕ್ಷಾ ಪ್ರದರ್ಶನ ಎದುರಿಗಿದೆ, ಅಯುಮಿಯ ದೃಷ್ಟಿ ಮಂಕಾಗುತ್ತಿದೆ, ಗುರುವಿನ ಆಯಸ್ಸು ಮುಗಿಯುತ್ತ ಬಂದಿದೆ.

ಈ ತಡಕ್ಕೆ ಕಾರಣ ಕಥೆಯ ಒಳಗೇ ಇದೆ ಎಂಬುದು ನನ್ನ ಊಹೆ. 'ಕೆಂಪು ದೇವಕನ್ಯೆ' ಮಿಉಚಿಯವರೇ ಕಲ್ಪಿಸಿದ ನಾಟಕ. ಸಾವಿರ ವರ್ಷದ ಪ್ಲಮ್ ಮರದ ಚೇತನ ಅಕೊಯಾ ಎಂಬ ಹೆಣ್ಣಾಗಿ, ಬುದ್ಧವಿಗ್ರಹ ಕೆತ್ತುವ ಇಶ್ಶಿನ್‌ನನ್ನು ಪ್ರೀತಿಸುತ್ತಾಳೆ. ದೇಶದ ಕಾಳಗ ನಿಲ್ಲಿಸಬಲ್ಲ ವಿಗ್ರಹ ಕೆತ್ತಲು ಅವನಿಗೆ ಬೇಕಿರುವುದು ಅದೇ ಮರ. ಹಿಂದಿನ ನಾಟಕಗಳಲ್ಲಿ ಓದುಗರು ತಮ್ಮ ಕಲ್ಪನೆಯಿಂದ ಅಭಿನಯ ತುಂಬಿಕೊಂಡರು. ಈ ಒಂದಕ್ಕೆ ಅವರು ಅರ್ಧ ಶತಮಾನ ತುಂಬುತ್ತಲೇ ಬಂದಿದ್ದಾರೆ. ಯಾವ ಚೌಕಟ್ಟು ಅದಕ್ಕೆ ಸಾಟಿಯಾದೀತು? ಇದರ ನಡುವೆ ಆ ಕಲ್ಪನೆಯ ನಾಟಕ ನಿಜವಾದ ರಂಗಕ್ಕೇರಿತು. 2006ರಲ್ಲಿ ಅದನ್ನು ನೋ ಎಂಬ ಜಪಾನಿನ ಸಾಂಪ್ರದಾಯಿಕ ರಂಗಪ್ರಕಾರದಲ್ಲಿ ಹೊಸ ನಾಟಕವಾಗಿ ಆಡಿದರು, 2020ರ ಜನವರಿಯಲ್ಲಿ ಒಪೆರಾ ಆಯಿತು. ಹೆಸರಾಂತ ನಿರ್ದೇಶಕ ಯುಕಿಒ ನಿನಾಗಾವಾ 2008ರಲ್ಲಿ ಮೂಲ ಸರಣಿಯನ್ನೇ ಸಂಗೀತ ನಾಟಕವಾಗಿಸಿದರು. ಮಾಂಗಾದಲ್ಲಿ ಮುಗಿಯದ ನಾಟಕಕ್ಕೆ ನಿಜದ ರಂಗದಲ್ಲಿ ತೆರೆ ಬಿದ್ದು ವರ್ಷಗಳೇ ಆದವು.

'ಗಾಜಿನ ಮುಖವಾಡ'ದ ಪ್ರಶ್ನೆ ಪಾತ್ರದೊಳಗೆ ಹೋಗುವುದು ಹೇಗೆ ಎಂಬುದಾದರೆ, ನಲವತ್ತೆರಡು ವರ್ಷಗಳ ನಂತರ ಬಂದ 'ಆ್ಯಕ್ಟ್-ಏಜ್' ಹೊರಗೆ ಬರುವುದು ಹೇಗೆ ಎಂದು ಕೇಳಿತು. ತತ್ಸುಯಾ ಮತ್ಸುಕಿ ಕಥೆ, ಶಿರೊ ಉಸಾಜಾಕಿ ಚಿತ್ರ. ಕುಸ್ತಿ, ಕತ್ತಿವರಸೆ, ದೆವ್ವ ಭೂತಗಳ 'ಶೋನೆನ್ ಜಂಪ್' ವಾರಪತ್ರಿಕೆಯಲ್ಲಿ 2018ರ ಜನವರಿಯಿಂದ ಅದು ಬಂದದ್ದೇ ಒಂದು ಅಚ್ಚರಿ. ನಾಯಕಿ ಕೆಯಿ ಯೊನಾಗಿ ಕಾಲೇಜಿನ ಮೆಟ್ಟಿಲೂ ಹತ್ತದ ಹುಡುಗಿ. ತಾಯಿ ತೀರಿಕೊಂಡಿದ್ದಾಳೆ, ತಂದೆ ಬಿಟ್ಟುಹೋಗಿದ್ದಾನೆ, ಇಬ್ಬರು ಪುಟ್ಟ ಅವಳಿ ತಮ್ಮ ತಂಗಿಯರನ್ನು ಸಾಕುತ್ತಿದ್ದಾಳೆ. ದುಃಖ ತೋರಿಸು ಎಂದರೆ ಅವಳು ದುಃಖವನ್ನು ನಟಿಸುವುದಿಲ್ಲ. ಬದುಕಿನ ಯಾವುದೋ ದುಃಖದ ದಿನಕ್ಕೆ ವಾಪಸ್ ಹೋಗಿ ಅಲ್ಲೇ ನಿಂತುಬಿಡುತ್ತಾಳೆ. ದೊಡ್ಡ ಕಲಾವಿದರ ಸಂಸ್ಥೆಯೊಂದು ಅವಳನ್ನು ಬೇಡವೆನ್ನುವುದು ಪ್ರತಿಭೆ ಸಾಲದೆಂದಲ್ಲ. ಸ್ವತಃ ನಟಿಯಾಗಿದ್ದ ಅದರ ಮುಖ್ಯಸ್ಥೆಗೆ ಗೊತ್ತು, ಈ ರೀತಿ ನಟಿಸುವವರು ತಮ್ಮನ್ನೇ ಸುಟ್ಟುಕೊಳ್ಳುತ್ತಾರೆಂದು.

ಕೆಯಿಗೆ ಎದುರಾಗಿ ಚಿಯೊಕೊ ಮೊಮೊಶಿರೊ ಇದ್ದಾಳೆ. ಅವಳು ತನ್ನನ್ನು ಹೊರಗಿನಿಂದ, ಕ್ಯಾಮೆರಾ ಇರುವ ಜಾಗದಿಂದ ನೋಡಿಕೊಳ್ಳಬಲ್ಲಳು. ಯಾವ ಕೋನದಲ್ಲಿ ಮುಖ ಹೇಗೆ ಕಾಣುತ್ತದೆ ಎಂಬ ಲೆಕ್ಕ ಅವಳಿಗೆ ಒಂದು ಕ್ಷಣವೂ ತಪ್ಪುವುದಿಲ್ಲ. ಇಬ್ಬರೂ ಪರಸ್ಪರರಿಂದ ಕಲಿಯುತ್ತಾರೆ. ರಂಗಶಾಲೆಗಳಲ್ಲಿ ಒಳಗಿನಿಂದ ಹೊರಕ್ಕೋ ಹೊರಗಿನಿಂದ ಒಳಕ್ಕೋ ಎಂದು ಎಂದೂ ಮುಗಿಯದ ವಾದವನ್ನು ಹದಿಮೂರು ಹದಿನಾಲ್ಕರ ಓದುಗ ಇಲ್ಲಿ ಜಗಳದಷ್ಟು ಬಿಸಿಯಾಗಿ ಓದುತ್ತಾನೆ. ಕೆಂಜಿ ಮಿಯಾಜಾವಾ ಅವರ 'ಆಕಾಶಗಂಗೆಯ ರೈಲು' ಕಥೆಯನ್ನು ನಾಟಕ ಮಾಡುವ ಭಾಗದಲ್ಲಿ ಕೆಯಿಗೆ ಸತ್ತ ಗೆಳೆಯ ಕಂಪನೆಲ್ಲಾನ ಪಾತ್ರ. ನಿರ್ದೇಶಕನಿಗೆ ವಾಸಿಯಾಗದ ಕಾಯಿಲೆ. ಸಾವನ್ನು ನಟಿಸಲು ಸಾಯುತ್ತಿರುವ ಮನುಷ್ಯನಿಂದ ಕಲಿಯಬೇಕಾದ ಸ್ಥಿತಿ. ಜಂಪ್‌ನ ಪುಟಗಳಲ್ಲಿ ಇಂಥ ನಿಧಾನ, ಇಂಥ ಮೌನ ಅಪರೂಪ. ಉಸಾಜಾಕಿಯವರ ಗೆರೆ ಅದನ್ನು ತಡೆದುಕೊಂಡಿತು.

ಆಮೇಲೆ ನಡೆದದ್ದು ಓದುಗರಿಗೆ ದೊಡ್ಡ ಪೆಟ್ಟು. 2020ರ ಆಗಸ್ಟ್‌ನಲ್ಲಿ ಕಥೆಗಾರ ಮತ್ಸುಕಿ ಶಾಲಾ ಬಾಲಕಿಯ ಮೇಲೆ ಲೈಂಗಿಕ ದುರ್ವರ್ತನೆ ಎಸಗಿದ ಆರೋಪದಲ್ಲಿ ಬಂಧಿತನಾದ. ಕೆಲವೇ ದಿನಗಳಲ್ಲಿ ಸರಣಿ ನಿಂತಿತು. ಸಂಪುಟಗಳ ಮಾರಾಟವನ್ನು ಪ್ರಕಾಶಕರು ನಿಲ್ಲಿಸಿದರು, ತಯಾರಿಯಲ್ಲಿದ್ದ ರಂಗರೂಪ ರದ್ದಾಯಿತು. ಅದೇ ವರ್ಷದ ಕೊನೆಗೆ ನ್ಯಾಯಾಲಯ ಅವನನ್ನು ತಪ್ಪಿತಸ್ಥನೆಂದು ತೀರ್ಪಿತ್ತು, ಜೈಲು ಶಿಕ್ಷೆಯನ್ನು ಅಮಾನತಿನಲ್ಲಿಟ್ಟಿತು. ನಿಲ್ಲಿಸಿದ್ದು ಸರಿ ಎಂಬುದರಲ್ಲಿ ನನಗೆ ಎರಡನೇ ಮಾತಿಲ್ಲ. ಹದಿಹರೆಯದ ಹುಡುಗಿಯೊಬ್ಬಳ ದೇಹ ಮನಸ್ಸುಗಳನ್ನು ದೊಡ್ಡವರು ಹೇಗೆ ಜೋಪಾನ ಮಾಡಬೇಕು ಎಂಬುದೇ ಆ ಕಥೆಯ ಎಳೆಯಾಗಿತ್ತು. ಅಂಥ ಕಥೆಯನ್ನು ಆ ಕೈಯಿಂದ ಮುಂದುವರಿಸಿ ಓದುವುದು ಸಾಧ್ಯವಿರಲಿಲ್ಲ. ತಪ್ಪೇ ಮಾಡದ ಚಿತ್ರಕಾರರ ಎರಡೂವರೆ ವರ್ಷದ ದುಡಿಮೆ ಮಾತ್ರ ಅದರ ಜೊತೆಗೇ ಮರೆಗೆ ಸರಿಯಿತು. ಉಸಾಜಾಕಿ 2024ರಲ್ಲಿ 'ಇಚಿ' ಎಂಬ ಮಾಂತ್ರಿಕ ಹುಡುಗನ ಸರಣಿಯೊಂದಿಗೆ, ಬೇರೆ ಕಥೆಗಾರರ ಜೊತೆ, ಅದೇ ವಾರಪತ್ರಿಕೆಗೆ ಮರಳಿದರು. ಹಳೆಯ ಓದುಗರು ಅವರನ್ನು ಎದುರುಗೊಂಡ ಪ್ರೀತಿಯಲ್ಲಿ ಆ ನಷ್ಟದ ಅರಿವೂ ಇತ್ತು.

ಇನ್ನು 'ಒಶಿ ನೊ ಕೊ'. ಅಕಾ ಅಕಾಸಾಕಾ ಕಥೆ, ಮೆಂಗೊ ಯೊಕೊಯಾರಿ ಚಿತ್ರ. 2020ರ ಏಪ್ರಿಲ್‌ನಿಂದ 2024ರ ನವೆಂಬರ್‌ವರೆಗೆ ನಡೆದು 16 ಸಂಪುಟಗಳಲ್ಲಿ ಮುಗಿಯಿತು. ಪುನರ್ಜನ್ಮ, ಕೊಲೆ, ಸೇಡು ಎಲ್ಲ ಇರುವ ಈ ಕಥೆಯ ಆ ಭಾಗಗಳು ನನ್ನನ್ನು ಹೆಚ್ಚು ತಟ್ಟಲಿಲ್ಲ. ಕೊನೆಯ ಅಧ್ಯಾಯಗಳ ಅವಸರದ ಬಗ್ಗೆ ಓದುಗರು ಸಿಟ್ಟಾದದ್ದರಲ್ಲೂ ನ್ಯಾಯವಿದೆ. ಅದರ ಬಲ ಇರುವುದು ನಟನೆಯನ್ನು ಸಂಬಳದ ಕೆಲಸವಾಗಿ ನೋಡುವಲ್ಲಿ. ಕಾನಾ ಅರಿಮಾ ಹತ್ತೇ ಸೆಕೆಂಡಿನಲ್ಲಿ ಅಳಬಲ್ಲೆ ಎಂದು ಹೆಸರಾದ ಬಾಲನಟಿ. ದೊಡ್ಡವಳಾದ ಮೇಲೆ ಕೆಲಸವಿಲ್ಲ. ತಾನು ಮಿಂಚುವುದನ್ನು ಬಿಟ್ಟು, ಎದುರಿರುವ ಸಾಧಾರಣ ನಟರು ಚೆನ್ನಾಗಿ ಕಾಣುವಂತೆ ತನ್ನ ಅಭಿನಯವನ್ನು ತಗ್ಗಿಸಿ ಆಡುವುದನ್ನು ಕಲಿತಿದ್ದಾಳೆ. ಮತ್ತೆ ಕರೆಸಿಕೊಳ್ಳಬೇಕಲ್ಲ! ಮಾಯಾಳಿಗಾಗಲಿ ಅಯುಮಿಗಾಗಲಿ ಇಂಥ ಯೋಚನೆ ಬರಲು ಸಾಧ್ಯವೇ ಇರಲಿಲ್ಲ.

ಅದರ ಅತ್ಯುತ್ತಮ ಭಾಗ ರಿಯಾಲಿಟಿ ಶೋ ಕುರಿತದ್ದು. ಅಕಾನೆ ಕುರೊಕಾವಾ ಪಾತ್ರದ ಬಗ್ಗೆ ಸಿಕ್ಕಿದ್ದೆಲ್ಲ ಓದಿ, ಟಿಪ್ಪಣಿ ಮಾಡಿ, ಆ ಮನುಷ್ಯರೇ ಆಗಿಬಿಡುವಷ್ಟು ತಯಾರಾಗುವ ರಂಗನಟಿ. ಪ್ರೇಮದ ಶೋ ಒಂದರಲ್ಲಿ 'ನೀನು ನೀನಾಗಿರು' ಎಂದು ಬಿಟ್ಟರೆ ಅವಳಿಗೆ ದಿಕ್ಕೇ ತೋಚುವುದಿಲ್ಲ. ಒಂದು ಗಳಿಗೆಯ ಎಡವಟ್ಟನ್ನು ಸಂಕಲನಕಾರರು ಕತ್ತರಿಸಿ ಜೋಡಿಸಿದ ರೀತಿಗೆ ಜಾಲತಾಣದ ಬೈಗುಳ ಮಳೆಯಂತೆ ಸುರಿದು, ಅವಳು ಜೀವ ಕಳೆದುಕೊಳ್ಳುವ ಅಂಚಿಗೆ ಹೋಗುತ್ತಾಳೆ. ಇದನ್ನು ಓದಿದ ಜಪಾನಿಗರಿಗೆ 2020ರ ಮೇ ತಿಂಗಳ ಸಾವು ನೆನಪಾಗದೆ ಇರಲಿಲ್ಲ. ಆಗ ರಿಯಾಲಿಟಿ ಶೋ ಒಂದರಲ್ಲಿದ್ದ ಇಪ್ಪತ್ತೆರಡರ ಕುಸ್ತಿಪಟುವೊಬ್ಬಳು ಇಂಥದೇ ದಾಳಿಯ ನಂತರ ತೀರಿಕೊಂಡಿದ್ದಳು. ಅದಾದ ಮೇಲೆ 2022ರಲ್ಲಿ ಜಪಾನ್ ನಿಂದನೆಯ ಅಪರಾಧಕ್ಕೆ ಶಿಕ್ಷೆ ಹೆಚ್ಚಿಸಿತು. ಅನಿಮೆ ಬಂದಾಗ ಆಕೆಯ ತಾಯಿ ಬಹಿರಂಗವಾಗಿ ನೋವು ತೋಡಿಕೊಂಡರು. ಆ ನೋವನ್ನು ತಳ್ಳಿಹಾಕಲಾಗದು. ಕಥೆ ಎಚ್ಚರಿಸಲು ಬಳಸಿದ ಗಾಯ ಯಾರದೋ ಮನೆಯ ಗಾಯವಾಗಿತ್ತು. ಆದರೆ ಪ್ರೇಕ್ಷಕರನ್ನೇ ಪಾತ್ರವಾಗಿಸಿ, ಅವರ ಕೈಗೂ ಕೊಳೆ ಹತ್ತುತ್ತದೆ ಎಂದು ಇಷ್ಟು ನೇರವಾಗಿ ಹೇಳಿದ ಬೇರೆ ಜನಪ್ರಿಯ ಕಥೆ ನನ್ನ ಓದಿನಲ್ಲಿ ಇಲ್ಲ.

ಮಾಂಗಾವನ್ನು ನಾಟಕ ಮಾಡುವ ಭಾಗವೂ ಹೀಗೆಯೇ. ಮೂಲ ಲೇಖಕಿಯ ಮಾತು ಸಂಪಾದಕರು, ಹಕ್ಕು ನೋಡಿಕೊಳ್ಳುವವರು, ನಿರ್ಮಾಪಕರು ಎಂದು ಒಬ್ಬರ ಬಾಯಿಂದ ಇನ್ನೊಬ್ಬರ ಕಿವಿಗೆ ದಾಟಿ, ನಾಟಕಕಾರನನ್ನು ಮುಟ್ಟುವ ಹೊತ್ತಿಗೆ ಅರ್ಥವೇ ತಿರುಗಿರುತ್ತದೆ. ಇಬ್ಬರೂ ನೇರವಾಗಿ ಕೂತು ಬರೆದಾಗ ಬಿಕ್ಕಟ್ಟು ಬಗೆಹರಿಯುತ್ತದೆ. 2024ರ ಜನವರಿಯಲ್ಲಿ, ತನ್ನ ಕೃತಿಯ ಟಿವಿ ರೂಪಾಂತರದ ವಿವಾದದ ನಡುವೆ ಮಾಂಗಾ ಲೇಖಕಿಯೊಬ್ಬರು ಸಾವನ್ನಪ್ಪಿದಾಗ ಎಷ್ಟೋ ಓದುಗರು ಈ ಅಧ್ಯಾಯಗಳಿಗೆ ಮರಳಿದರು. ಟಿವಿ ವಾಹಿನಿಯೂ ಪ್ರಕಾಶನ ಸಂಸ್ಥೆಯೂ ಪ್ರತ್ಯೇಕ ತನಿಖಾ ವರದಿ ಹೊರತಂದವು. ಅವುಗಳಲ್ಲೂ ನಡುವಿನವರ ಮೂಲಕ ಮಾತು ದಾಟಿದ ಕಥೆಯೇ ಇತ್ತು.

ಈ ಹೊತ್ತಿನಲ್ಲಿ 'ಗಾಜಿನ ಮುಖವಾಡ'ವನ್ನು ಮತ್ತೆ ಓದುವಾಗ ಮೈ ಜುಮ್ಮೆನ್ನುತ್ತದೆ. ತ್ಸುಕಿಕಾಗೆ ಶಿಷ್ಯೆಗೆ ಕಪಾಳಕ್ಕೆ ಹೊಡೆಯುತ್ತಾಳೆ, ಪಾತ್ರ ಸಿಕ್ಕುವವರೆಗೆ ಉಗ್ರಾಣದಲ್ಲಿ ಕೂಡಿಹಾಕುತ್ತಾಳೆ, ಚಳಿ ಎಂದರೇನೆಂದು ತಿಳಿಯಲಿ ಎಂದು ಶೈತ್ಯಾಗಾರದೊಳಗೆ ಬಿಡುತ್ತಾಳೆ. ಜ್ವರದ ಹುಡುಗಿಯ ಪಾತ್ರಕ್ಕಾಗಿ ಮಾಯಾ ರಾತ್ರಿಯೆಲ್ಲ ಮಳೆಯಲ್ಲಿ ನೆನೆದು ನಿಜವಾಗಿ ಜ್ವರ ತಂದುಕೊಳ್ಳುತ್ತಾಳೆ. ತಾಯಿಯಿಂದ ಬಂದ ಪತ್ರಗಳು ಅವಳ ಕೈಸೇರದಂತೆ ಗುರುವೇ ನೋಡಿಕೊಳ್ಳುತ್ತಾಳೆ. ಮುಂದೆ ಕಲಾಸಂಸ್ಥೆಯ ಯುವ ಯಜಮಾನ ಮಸುಮಿ ಹಯಾಮಿ, ಸರಿಯಾದ ಸಮಯಕ್ಕೆ ಪ್ರಚಾರಕ್ಕೆ ಬಳಸೋಣವೆಂದು ಆ ತಾಯಿಯನ್ನು ಆಸ್ಪತ್ರೆಯಲ್ಲಿ ಮುಚ್ಚಿಡುತ್ತಾನೆ. ಅವಳು ತಪ್ಪಿಸಿಕೊಂಡು ಹೋಗಿ, ಮಗಳ ಸಿನಿಮಾ ನಡೆಯುತ್ತಿರುವ ಚಿತ್ರಮಂದಿರದಲ್ಲೇ ಪ್ರಾಣ ಬಿಡುತ್ತಾಳೆ. ಅದೇ ಮಸುಮಿ ಹೆಸರು ಹೇಳದೆ ನೇರಳೆ ಗುಲಾಬಿ ಕಳಿಸುವ ಅಭಿಮಾನಿಯೂ ಹೌದು, ಕಥೆಯ ಪ್ರೇಮನಾಯಕನೂ ಹೌದು.

ದಶಕಗಳ ಕಾಲ ಓದುಗರು ಇದನ್ನು ಕಲೆಗಾಗಿ ತೆತ್ತ ಬೆಲೆ ಎಂದು ಕಣ್ಣೀರಿನಲ್ಲಿ ಒಪ್ಪಿಕೊಂಡರು. 2023ರಲ್ಲಿ ಜಪಾನಿನ ಮನರಂಜನಾ ಲೋಕ ಅಲುಗಾಡಿತು. ಹುಡುಗರ ಹಾಡುತಂಡಗಳಿಗೆ ಹೆಸರಾದ ಜಾನೀಸ್ ಸಂಸ್ಥೆ, ತನ್ನ ಸ್ಥಾಪಕ ದಶಕಗಳ ಕಾಲ ಹುಡುಗರ ಮೇಲೆ ಲೈಂಗಿಕ ದೌರ್ಜನ್ಯ ನಡೆಸಿದ್ದನ್ನು ಸೆಪ್ಟೆಂಬರ್‌ನಲ್ಲಿ ಒಪ್ಪಿಕೊಂಡು ಹೆಸರನ್ನೇ ಬದಲಿಸಿತು. ಅದೇ ತಿಂಗಳ ಕೊನೆಗೆ, ಬರೀ ಹೆಂಗಸರೇ ನಟಿಸುವ ತಕರಾಜುಕಾ ತಂಡದ ಇಪ್ಪತ್ತೈದರ ನಟಿಯೊಬ್ಬಳು ಸಾವಿಗೀಡಾದಳು. ಅತಿಯಾದ ದುಡಿಮೆ, ಹಿರಿಯರ ಕಿರುಕುಳ ಕಾರಣವೆಂದು ಮನೆಯವರು ಹೇಳಿದರು. ಮೊದಲು ಅಲ್ಲಗಳೆದ ಸಂಸ್ಥೆ 2024ರ ಮಾರ್ಚ್‌ನಲ್ಲಿ ಕಿರುಕುಳವನ್ನು ಒಪ್ಪಿ ಕ್ಷಮೆ ಕೇಳಿತು. ಗುರು ಕಟುವಾಗಿದ್ದಷ್ಟೂ ಶಿಷ್ಯೆ ಬೆಳಗುತ್ತಾಳೆ ಎಂಬ ಕಥೆಯನ್ನು ಇದಾದ ಮೇಲೆ ಮೊದಲಿನ ಹಾಗೆ ಓದಲಾಗುತ್ತದೆಯೇ?

ನನ್ನ ಮಟ್ಟಿಗೆ ಉತ್ತರ ಸ್ಪಷ್ಟ. ತ್ಸುಕಿಕಾಗೆಯ ಹಿಂಸೆಯನ್ನು ತಾಲೀಮು ಎಂದು ಕರೆಯುವುದನ್ನು ನಿಲ್ಲಿಸಬೇಕು. ಆ ಕಾರಣಕ್ಕೆ ಸರಣಿಯನ್ನು ಕೆಳಗಿಡಬೇಕಾಗಿಲ್ಲ, ಏಕೆಂದರೆ ನೋವನ್ನು ಮರೆಮಾಚದೆ ತೋರಿಸಿದ್ದೇ ಅದು. ಮಣ್ಣು ಮಣ್ಣೇ ಎಂದು ಓದುಗರಿಗೆ ಗೊತ್ತಿರುವಂತೆ ಮಿಉಚಿ ನೋಡಿಕೊಂಡರು. ಅದನ್ನು ಕಡುಬು ಎಂದು ಮೆಚ್ಚಿ ಚಪ್ಪಾಳೆ ತಟ್ಟಿದ್ದು ಕಥೆಯೊಳಗಿನ ಪ್ರೇಕ್ಷಕರು.

ಬೇರೆ ಬಗೆಯ ಗುರುವನ್ನು ಚಿತ್ರಿಸಿದರೆ ಕಥೆಯ ಬಿಸಿ ಆರಿಹೋಗುತ್ತದೆ ಎನ್ನುವವರು 'ಕಾಗೆಕಿ ಶೋಜೊ' ಓದಬೇಕು. ತಕರಾಜುಕಾವನ್ನೇ ಹೋಲುವ ಒಂದು ರಂಗಶಾಲೆಯ ಕಥೆ ಅದು. ಸರಾಸಾ ವತಾನಾಬೆ 178 ಸೆಂಟಿಮೀಟರ್ ಎತ್ತರದ ಹುಡುಗಿ. ಚಿಕ್ಕಂದಿನಲ್ಲಿ ಜಪಾನಿನ ಸಾಂಪ್ರದಾಯಿಕ ರಂಗಕಲೆ ಕಬುಕಿಯನ್ನು ಪ್ರೀತಿಸಿ, ಹೆಣ್ಣುಮಕ್ಕಳಿಗೆ ಅಲ್ಲಿ ಜಾಗವಿಲ್ಲ ಎಂದು ತಿಳಿದು ಈ ದಾರಿಗೆ ಬಂದವಳು. ತರಗತಿಯ ರೋಮಿಯೋ ಜೂಲಿಯೆಟ್‌ನಲ್ಲಿ ಅವಳು ಜೂಲಿಯೆಟ್ಟಳ ಸೋದರಸಂಬಂಧಿ ಟಿಬಾಲ್ಟ್ ಪಾತ್ರವನ್ನು ತಾನು ನೋಡಿದ ದೊಡ್ಡ ತಾರೆಯಂತೆಯೇ ಆಡಿದಾಗ ಎಲ್ಲರೂ ಬೆರಗಾಗುತ್ತಾರೆ. ಶಿಕ್ಷಕ ಮಾತ್ರ ಇದು ಬೇರೆಯವರ ನಕಲು, ಇದರಿಂದ ನೀನು ಮೇಲೇರಲಾರೆ ಎಂದು ಬಿಡಿಸಿ ಹೇಳುತ್ತಾನೆ. ಕೈ ಎತ್ತುವುದಿಲ್ಲ, ಕೂಡಿಹಾಕುವುದಿಲ್ಲ. ಟಿಬಾಲ್ಟ್‌ನ ಹೊಟ್ಟೆಯುರಿಯನ್ನು ಅವಳು ತನ್ನದೇ ಹಳೆಯ ನಿರಾಸೆಯಲ್ಲಿ ಹುಡುಕಿಕೊಳ್ಳಲು ಸಮಯ ಕೊಡುತ್ತಾನೆ.

ಅದೇ ತರಗತಿಯಲ್ಲಿ ಅಯಾಕೊ ಯಮಾದಾ ಇದ್ದಾಳೆ. ದಪ್ಪಗಿದ್ದೀಯ ಎಂದು ಒಬ್ಬ ಶಿಕ್ಷಕಿ ಹಂಗಿಸಿದ್ದಕ್ಕೆ ತಿಂದದ್ದನ್ನೆಲ್ಲ ವಾಂತಿ ಮಾಡಿ ಸೊರಗುತ್ತಿರುವ ಹುಡುಗಿ. ಇನ್ನೊಬ್ಬ ಶಿಕ್ಷಕ, ಹಾಡು ಕಲಿಸುವ ಒನೊದೆರಾ, ಅವಳ ದನಿಯಲ್ಲಿ ಏನಿದೆ ಎಂದು ಕೇಳಿಸಿಕೊಂಡು, ಹೊಟ್ಟೆ ತುಂಬ ಉಂಡು ಹಾಡು ಎನ್ನುತ್ತಾನೆ. ಸಹಪಾಠಿಗಳೆದುರು ಅವಳು ಬಾಯಿ ತೆರೆದಾಗ ದನಿ ಕಾಗದದಿಂದ ಕೇಳುವುದಿಲ್ಲ. ಕೇಳುತ್ತಿರುವವರ ಮುಖಗಳನ್ನು ಸೈಕಿ ಒಂದೊಂದಾಗಿ ಬರೆಯುತ್ತಾರೆ. ಹೆಲೆನ್ ಕೆಲ್ಲರ್ ಭಾಗ ಓದುವಾಗ ಎದೆ ಹೊಡೆದುಕೊಂಡಷ್ಟೇ ಇಲ್ಲೂ ಹೊಡೆದುಕೊಳ್ಳುತ್ತದೆ, ಆದರೆ ಅವಳು ಹಾಡುವುದಕ್ಕಾಗಿ ಯಾರೂ ಅವಳನ್ನು ಮಳೆಯಲ್ಲಿ ನಿಲ್ಲಿಸಿರಲಿಲ್ಲ.